ಬಾಯಿ ಮುಚ್ಚುವ ಕೈ

ಕಂಡಕ್ಟರಿಗೆ ದೇವರು ಮೂರು ಕೈ ಕೊಡಬೇಕಿತ್ತು. ಒಂದು ಟಿಕೆಟ್ ಮಷಿನ್ನಿಗೆ, ಒಂದು ಮೇಲಿನ ಸರಳಿಗೆ, ಇನ್ನೊಂದು ಚಿಲ್ಲರೆಗೆ. ಅವನು ಎರಡೇ ಕೊಟ್ಟ. ಹಾಗಾಗಿ ಮೂರನೆಯ ಕೈಯ ಕೆಲಸವನ್ನು ನಾವು ಹಲ್ಲಿಗೆ ಒಪ್ಪಿಸಿದ್ದೇವೆ. ನೋಟು ಹಲ್ಲಿನಲ್ಲಿ, ಪೆನ್ನು ಹಲ್ಲಿನಲ್ಲಿ, ಸೀಟಿಯೂ ಹಲ್ಲಿನಲ್ಲಿ. ಇಂಡಿಯಿಂದ ಹೊರಟು ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳ ಮುಟ್ಟಿ, ಮತ್ತೆ ಅದೇ ದಾರಿಯಲ್ಲಿ ತಿರುಗಿ ಬರುವ ಬಸ್ಸಿನಲ್ಲಿ ನಾನು ವರ್ಷಗಟ್ಟಲೆ ಹೀಗೇ ದುಡಿದಿದ್ದೇನೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಮೂರಲ್ಲ, ಆರು ಕೈ ಇದ್ದರೂ ಸಾಲದು. ಸೊನ್ನೆ ರೂಪಾಯಿಯ ಟಿಕೆಟ್ಟನ್ನೂ ಹರಿದು ಕೊಡಲೇಬೇಕು, ಆಧಾರ್ ಕಾರ್ಡು ನೋಡಲೇಬೇಕು. ಆ ಕಾರ್ಡುಗಳ ಫೋಟೋದಲ್ಲಿ ಯಾರೂ ನಗುವುದಿಲ್ಲ. ನನ್ನ ತವರಿನ ಕಡೆಯ ಹೆಂಗಸರಂತೂ ತುಟಿ ಹೊಲಿಸಿಕೊಂಡವರ ಹಾಗೆ ಕೂತಿರುತ್ತಾರೆ. ಆ ಮುಖಗಳನ್ನು ಕಂಡರೆ ನನಗೆ ಒಂಥರಾ ಮಮತೆ. ನನ್ನ ಕಾರ್ಡಿನಲ್ಲಿಯೂ ಅದೇ ಮುಖವಿದೆ.

ನನ್ನ ಮುಂದಿನ ಹಲ್ಲುಗಳ ಬಣ್ಣ ಕಂದು. ಚಹಾ ಕುಡಿದ ಬಸಿಯನ್ನು ತೊಳೆಯದೆ ಬಿಟ್ಟರೆ ತಳದಲ್ಲಿ ಒಣಗಿ ಉಳಿಯುವ ಬಣ್ಣ. ನಡುನಡುವೆ ಸುಣ್ಣ ಸಿಡಿದಂಥ ಬಿಳಿ ಮಚ್ಚೆ. ಬಸ್ಸು ಹತ್ತಿದವರು ಮೊದಲು ನೋಡುವುದು ಹಲ್ಲಿನಲ್ಲಿದ್ದ ನೋಟು, ಆಮೇಲೆ ಹಲ್ಲು. ಒಮ್ಮೆ ಒಬ್ಬ ಮುದುಕ ತನ್ನ ಬಾಯಿಯ ತಂಬಾಕನ್ನು ಕಿಟಕಿಯಾಚೆ ಉಗಿದು ಬಂದು ನನಗೆ ಬುದ್ಧಿ ಹೇಳಿದ: "ಹೆಣ್ಮಗಳಾಗಿ ಗುಟ್ಕಾ ತಿಂತಿಯಲ್ಲ ಯವ್ವಾ, ನಾಚಿಕಿ ಬರೂದಿಲ್ಲೇನ?"

ನಾನು ಜನ್ಮದಲ್ಲಿ ಎಲೆ ಅಡಿಕೆಯನ್ನೂ ಬಾಯಿಗೆ ಹಾಕಿದವಳಲ್ಲ. "ನಾ ತಿಂದದ್ದು ಗುಟ್ಕಾ ಅಲ್ಲಜ್ಜ, ನೀರು ಕುಡದದ್ದು" ಎಂದೆ. ಅವನಿಗೆ ತಿಳಿಯಲಿಲ್ಲ. ತಿಳಿಸಿ ಹೇಳುವ ತಾಳ್ಮೆ ನನಗೂ ಇರಲಿಲ್ಲ.

ನನ್ನ ತವರು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿ. ಅಲ್ಲಿನ ಬೋರಿನ ನೀರು ನೋಡಲು ಕನ್ನಡಿ, ಕುಡಿಯಲು ತಂಪು. ಕೆಟ್ಟ ನೀರೆಂದರೆ ನಾತ ಬರುವ ನೀರು ಎಂದು ತಿಳಿದಿದ್ದ ನಮಗೆ ಆ ನೀರಿನ ಮೇಲೆ ಸಂಶಯ ಬರಲು ಕಾರಣವೇ ಇರಲಿಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವಾಗಲೇ ಕಂದಾಗಿ ಮೂಡಿದವು. ಊರ ಮಕ್ಕಳಿಗೆಲ್ಲ ಹಾಗೆಯೇ. ಹಾಗಾಗಿ ಹಲ್ಲು ಎಂದರೆ ಹೀಗೇ ಇರುವುದು ಎಂದುಕೊಂಡಿದ್ದೆವು. ಎಷ್ಟೋ ಕಾಲದ ಮೇಲೆ ಸರಕಾರದವರು ಬಂದು, ಇದರಲ್ಲಿ ಫ್ಲೋರೈಡ್ ಹೆಚ್ಚಿದೆ, ಕುಡಿಯಬಾರದು ಎಂಬುದರ ಗುರುತಾಗಿ ಬೋರಿನ ಕೈಪಂಪಿಗೆ ಕೆಂಪು ಬಣ್ಣ ಬಳಿದು ಹೋದರು. ಅಷ್ಟರಲ್ಲಿ ಪಂಪು ನಮಗೆ ಬಣ್ಣ ಬಳಿದು ಮುಗಿಸಿತ್ತು.

ಎಲ್ಲರ ಹಲ್ಲೂ ಹೀಗಿರುವುದಿಲ್ಲ ಎಂದು ಗೊತ್ತಾದದ್ದು ಹೈಸ್ಕೂಲಿಗೆಂದು ಬೇರೆ ಊರಿಗೆ ಹೋದಾಗ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕ ಮೊದಲೇ ಆ ಸಾಲೆಗೆ ಸೇರಿದ್ದಳು. ನಾನು ಹೋದ ಮೊದಲ ದಿನ ದಾರಿಯಲ್ಲೇ ಕಟ್ಟಪ್ಪಣೆ ಮಾಡಿದಳು: "ಅಲ್ಲಿ ನಗಬ್ಯಾಡ. ನಗು ಬಂದ್ರ ಬಾಯಿ ಮುಚ್ಚು." ಆದರೆ ನಗುವವಳಿಗೆ ತಾನು ನಗುತ್ತಿದ್ದೇನೆ ಎಂಬ ಎಚ್ಚರ ಎಲ್ಲಿರುತ್ತದೆ? ಪಕ್ಕದವಳಿಗೆ ಇರುತ್ತದೆ. ಅದಕ್ಕೆ ನಾವಿಬ್ಬರೂ ಒಂದು ಉಪಾಯ ಕಂಡುಕೊಂಡೆವು. ನನಗೆ ನಗು ಬಂದರೆ ಅವಳು ನನ್ನ ಬಾಯಿ ಮುಚ್ಚುವುದು, ಅವಳಿಗೆ ಬಂದರೆ ನಾನು ಅವಳ ಬಾಯಿ ಮುಚ್ಚುವುದು.

ಸುಲಭದ ಉಪಾಯವೇನಲ್ಲ. ಬಾಯಿ ಮುಚ್ಚಿದ ಕೈಯ ಹಿಂದೆ ನಗು ಇನ್ನಷ್ಟು ಉಕ್ಕುತ್ತದೆ. ಅವಳ ಅಂಗೈಗೆ ಸದಾ ಉಳ್ಳಾಗಡ್ಡಿಯ ವಾಸನೆ, ನನ್ನದಕ್ಕೆ ಮಸಿಯದು. ಒಬ್ಬರ ಕೈಯಲ್ಲಿ ಒಬ್ಬರು ಉಸಿರು ಕಟ್ಟಿ, ಕಣ್ಣಲ್ಲಿ ನೀರು ತಂದುಕೊಂಡು, ಕೊನೆಗೆ ಇಬ್ಬರೂ ದಾರಿಯ ಬದಿಗೆ ಕುಸಿದು ಕೂಡುತ್ತಿದ್ದೆವು. ಅಷ್ಟು ನಗಲು ಕಾರಣವೇನಿತ್ತೆಂದು ಈಗ ಒಂದೂ ನೆನಪಿಲ್ಲ.

ಅಕ್ಕನಿಗೆ ವರ ನೋಡಲು ಶುರುವಾದಾಗ ಬಂದವರು ಅವಳ ಕೈಗೆ ಪೇಪರ್ ಕೊಟ್ಟು ಓದಲು ಹೇಳುತ್ತಿದ್ದರು. ಓದು ಬರುತ್ತದೋ ಇಲ್ಲವೋ ನೋಡಲು ಅಲ್ಲ, ಹಲ್ಲು ನೋಡಲು. ಅವಳು ತುಟಿ ಬಿಗಿಹಿಡಿದೇ ಓದಿದರೂ ಎರಡು ಸಾಲಿಗೆ ಗುಟ್ಟು ರಟ್ಟಾಗುತ್ತಿತ್ತು. ಕೊನೆಗೆ ಬಾಗೇವಾಡಿ ಹತ್ತಿರದ ಹಳ್ಳಿಯ ಒಬ್ಬ ಕಬ್ಬಿನ ಹೊಲದವನು ಬಂದ. ಜೊತೆಗೆ ಬಂದ ಹಿರಿಯರು ಪೇಪರ್ ಕೇಳಿದಾಗ ಅವನೇ ತಡೆದ: "ನಾವೇನ ಎತ್ತು ತಗೊಳ್ಳಾಕ ಬಂದೇವೇನ್ರಿ, ಹಲ್ಲ ನೋಡಾಕ?" ಒಳಗೆ ಕದದ ಹಿಂದೆ, ಇನ್ನೂ ಕರೆ ಬರದ ಅಕ್ಕನ ಜೊತೆ ನಿಂತಿದ್ದ ನಾನು ಅವಳ ಬಾಯಿ ಮುಚ್ಚಬೇಕಾಯಿತು. ಆ ಭಾವನೊಡನೆ ಅವಳು ಇವತ್ತಿಗೂ ಚೆನ್ನಾಗಿದ್ದಾಳೆ.

ನನ್ನ ಮದುವೆ ಇಂಡಿಯ ಒಬ್ಬ ಬಡಿಗನ ಜೊತೆಗಾಯಿತು. ಕದ, ಕಿಟಕಿ, ಕಪಾಟು ಮಾಡುವವರು. ಅವರು ನನ್ನ ಹಲ್ಲಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿದವರು ನೆರೆಹೊರೆಯವರು. ಇಂಡಿ ನಿಂಬೆಯ ಊರು. ಯಾವ ರೋಗಕ್ಕೂ ಅಲ್ಲಿ ನಿಂಬೆಹಣ್ಣೇ ಮದ್ದು. ನಿಂಬೆಗೆ ಉಪ್ಪು ಹಚ್ಚಿ ತಿಕ್ಕು ಎಂದರು, ತಿಕ್ಕಿದೆ. ಇದ್ದಲಿ ಎಂದರು, ಬೂದಿ ಎಂದರು, ಎಲ್ಲ ಆಯಿತು. ಹಲ್ಲು ಜುಂ ಎನ್ನತೊಡಗಿತೇ ಹೊರತು ಬಣ್ಣ ಎಳ್ಳಷ್ಟೂ ಕದಲಲಿಲ್ಲ. ಆಮೇಲೆ ಕೈಬಿಟ್ಟೆ. ಬಾಯಿ ಮುಚ್ಚಿಕೊಂಡು ದುಡಿದೆ, ಮಂದಿ ನನ್ನನ್ನು ಬಿಗುಮಾನದವಳು ಎಂದರು. ಅದರಿಂದ ಲಾಭವೂ ಇತ್ತು. ನಗದಿರುವ ಕಂಡಕ್ಟರ್ ಹತ್ತಿರ ಯಾರೂ ಚಿಲ್ಲರೆಗೆ ಜಗಳ ತೆಗೆಯುವುದಿಲ್ಲ.

ಇಷ್ಟಿದ್ದೂ ನನ್ನನ್ನು ಕೆಡವಿದ್ದು ಒಂದು ಕೂಸು. ದೇವರ ಹಿಪ್ಪರಗಿಯ ಸಂತೆಯ ದಿನ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮುಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಕೂತ ಪುಟ್ಟ ಹುಡುಗಿಯೊಂದು ನನ್ನನ್ನೇ ನೋಡಿ ಹುಬ್ಬು ಹಾರಿಸಿತು. ನನಗೆ ನಗು ಬಂತು, ನಕ್ಕೆ. ಎರಡೂ ಕೈ ಕೆಲಸದಲ್ಲಿದ್ದವು.

"ಯವ್ವಾ, ಕಂಡಕ್ಟರ್ ಅಕ್ಕನ ಹಲ್ಲಿಗಿ ಜಂಗ ಹತ್ತೇತಿ ನೋಡು!"

ಜಂಗು ಎಂದರೆ ತುಕ್ಕು. ಹಳೆಯ ಬಾವಿಯ ಗಾಲಿಗೆ ಹತ್ತುವುದು, ನಮ್ಮ ಬಸ್ಸಿನ ಸರಳಿಗೆ ಹತ್ತಿರುವುದು. ಹತ್ತಿರದಲ್ಲಿ ಕೂತವರೆಲ್ಲ ನಕ್ಕರು. ತಾಯಿ ಗಾಬರಿಯಾಗಿ "ಸುಮ್ಮ ಕೂಡು" ಎಂದು ಮಗಳ ಬಾಯಿ ಮುಚ್ಚಿದಳು. ಗುಟ್ಕಾ ಎಂದವರ ಮೇಲೆ ಸಿಟ್ಟು ಮಾಡಬಹುದು. ಕೂಸಿನ ಮೇಲೆ ಏನು ಸಿಟ್ಟು ಮಾಡುವುದು, ಅದು ಕಂಡದ್ದನ್ನು ಹೇಳಿತು. ಅವತ್ತು ಮುದ್ದೇಬಿಹಾಳ ಬರುವವರೆಗೂ ನೋಟನ್ನೂ ಹಲ್ಲಿಗೆ ಕೊಡದೆ ಟಿಕೆಟ್ ಹರಿದೆ. ನೋವು ಎನ್ನುವುದಕ್ಕಿಂತ ಸಾಕಾಗಿ ಹೋಗಿತ್ತು ಎನ್ನಬೇಕು. ಒಂದು ನಗುವಿಗೆ ಎಷ್ಟು ವರ್ಷ ಕಾವಲು ಕಾಯುವುದು?

ಹಲ್ಲಿನ ಮೇಲೆ ತೆಳ್ಳನೆಯ ಬಿಳಿ ಪದರ ಕೂಡಿಸುತ್ತಾರೆ, ಅದಕ್ಕೆ ವಿನೀರ್ ಎನ್ನುತ್ತಾರೆ ಎಂದು ಡಿಪೋದಲ್ಲಿ ಯಾರೋ ಹೇಳಿದ್ದರು. ಮನೆಯಲ್ಲಿ ಆ ಮಾತೆತ್ತಿದೆ. ಕಟ್ಟಿಗೆ ನುಣುಪು ಮಾಡಲು ರಂದ ಹೊಡೆಯುತ್ತಿದ್ದ ನಮ್ಮವರು ಕೈ ನಿಲ್ಲಿಸಿದರು.

"ವಿನೀರ್? ಅದು ಪ್ಲೈವುಡ್ಡಿಗಿ ಹಚ್ಚೂದಲ್ಲೇನ?"

"ಹಲ್ಲಿಗೂ ಹಚ್ತಾರಂತ್ರಿ."

ಅವರಿಗೆ ಇದು ಕಸುಬಿನ ಪ್ರಶ್ನೆ. "ಹಚ್ಚೂದೇನೋ ಹಚ್ಚತಾರ. ಆದ್ರ ನೀರಿನ ಪಸಿ ಒಳಗ ಹೋತಂದ್ರ ಮೂಲ್ಯಾಗಿಂದ ಏಳತೈತಿ ನೋಡು. ಬಾಯಾಗ ಬರೇ ನೀರ ಐತಿ." ಆಮೇಲೆ ರಂದ ಕೈಗೆತ್ತಿಕೊಂಡು, ನನ್ನ ಮುಖ ನೋಡದೆಯೇ ಅಂದರು: "ನಿನಗ ಬೇಕನಸಿದ್ರ ಮಾಡಸ್ಕೊ. ನನಗ ಕೇಳಬ್ಯಾಡ. ನನಗ ಮೊದಲಿಂದ ಚಂದನ ಕಾಣ್ತಿ." ಇಷ್ಟು ವರ್ಷಕ್ಕೆ ಒಮ್ಮೆ ಆಡಿದ ಮಾತು, ಅದೂ ಕಟ್ಟಿಗೆಯ ಕಡೆ ನೋಡಿ.

ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕ, ನಾ ಹಲ್ಲ ಮಾಡಸ್ಕೊಬೇಕಂತ ಮಾಡೇನಿ. ನೀನೂ ಬಾ, ಇಬ್ರೂ ಕೂಡೇ ಮಾಡಸೂಣು."

"ನನಗೆದಕ್ಕ? ನನ್ನ ಹಲ್ಲ ನೋಡಿ ಎಮ್ಮಿ ಹಾಲ ಕಡಿಮಿ ಕೊಡತೈತೇನ?" ಎಂದು ನಕ್ಕಳು. ನಂತರ ದನಿ ತಗ್ಗಿತು. "ನೀ ಮಾಡಸ್ಕೊ ಬೇ. ಮಂದ್ಯಾಗ ತಿರಗಾಕಿ ನೀ. ಆದ್ರ ಮತ್ತ ನಾ ಯಾರ ಜೋಡಿ ನಗಲಿ?"

"ನನ್ನ ಜೋಡೀನ."

"ನೋಡೂಣು" ಎಂದಳು.

ಫೋನ್ ಇಟ್ಟ ಮೇಲೂ ಆ "ನೋಡೂಣು" ಕಿವಿಯಲ್ಲೇ ಉಳಿಯಿತು. ನನಗೆ ಗೆಳತಿಯರಿಲ್ಲ. ದಿನಕ್ಕೆ ಇಡೀ ಸಂತೆಯಷ್ಟು ಜನರನ್ನು ಹತ್ತಿಸಿ ಇಳಿಸುವವಳಿಗೆ ಮನೆಗೆ ಬಂದ ಮೇಲೆ ಇನ್ನೊಬ್ಬರ ದನಿ ಬೇಡವಾಗಿರುತ್ತದೆ. ಮನಸ್ಸು ಬಿಚ್ಚಿ ನಗಲು ಲೋಕದಲ್ಲಿ ನನಗೆ ಇದ್ದವಳು ಅಕ್ಕ ಒಬ್ಬಳೇ. ಬಿಳಿ ಹಲ್ಲು ಬಂದು ಅವಳು ದೂರವಾದರೆ ಆ ಹಲ್ಲು ಕಟ್ಟಿಕೊಂಡು ಏನು ಮಾಡಲಿ ಎಂದು ಯೋಚಿಸಿದೆ. ಯೋಚಿಸಿಯೂ, ರಜೆ ಹಾಕಿ ಸಿಂದಗಿಯಲ್ಲಿ ಬಸ್ಸಿಳಿದೆ.

ಸಿಂದಗಿಯ ಹಲ್ಲಿನ ಡಾಕ್ಟರು ವಯಸ್ಸಿನಲ್ಲಿ ನನ್ನ ಸೊಸೆಯಾಗಬಹುದಾದ ಹೆಣ್ಣುಮಗಳು. ನನ್ನ ಬಾಯಿ ನೋಡಿದವಳೇ "ಯಾವ ಊರ ನೀರ್ರಿ ಇದು?" ಎಂದಳು. ಗುಟ್ಕಾ ಎನ್ನಲಿಲ್ಲ. ಅಲ್ಲಿಗೇ ನನ್ನ ಅರ್ಧ ಮನಸ್ಸು ಸೋತಿತು.

ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: ಹಲ್ಲಿನ ಮುಂಭಾಗವನ್ನು ಸ್ವಲ್ಪ ಕೆರೆಯಬೇಕು, ಅಳತೆ ತೆಗೆದು ತೆಳುವಾದ ಚಿಪ್ಪು ಮಾಡಿಸಿ ತರಬೇಕು, ಅದನ್ನು ಅಂಟಿಸಬೇಕು. "ಒಮ್ಮಿ ಕೆರದ್ರ ಮುಗೀತ್ರಿ ಅಕ್ಕಾರ. ಬ್ಯಾಡಂತಂದ್ರ ಹಳೇ ಹಲ್ಲ ತಿರಗಿ ಬರೂದಿಲ್ಲ. ಮನ್ಯಾಗ ಇನ್ನೊಮ್ಮಿ ವಿಚಾರ ಮಾಡಿ ಬರ್ರಿ."

"ವಿಚಾರ ಮಾಡಿ ಮಾಡಿ ಕೂದಲ ಬೆಳ್ಳಗಾದ್ವು, ಹಲ್ಲ ಆಗ್ಲಿಲ್ಲ" ಎಂದೆ.

ಮೇಲಿನ ಮುಂದಿನ ಹಲ್ಲುಗಳಿಗೆ ಮಾತ್ರ ಎಂದು ತೀರ್ಮಾನವಾಯಿತು. ನಗುವಾಗ ಕಾಣುವುದು ಅವೇ, ಕೆಳಗಿನವು ತುಟಿಯ ಹಿಂದೆ ಉಳಿಯುತ್ತವೆ ಎಂದಳು. ಬಣ್ಣ ಆರಿಸಲು ಸಾಲಾಗಿ ಹಲ್ಲುಗಳನ್ನು ಜೋಡಿಸಿದ ಒಂದು ಪಟ್ಟಿ ತಂದು ಮುಖದ ಹತ್ತಿರ ಹಿಡಿದಳು. ಬಳೆಯಂಗಡಿಯಲ್ಲಿ ಕೂತ ಹಾಗಿತ್ತು. ನಾನು ಎಲ್ಲಕ್ಕಿಂತ ಬೆಳ್ಳಗಿನದರ ಮೇಲೆ ಬೆರಳಿಟ್ಟೆ. "ಅಷ್ಟ ಬೆಳ್ಳಗ ಬ್ಯಾಡ್ರಿ, ಗ್ವಾಡಿಗಿ ಸುಣ್ಣ ಹೊಡದಂಗ ಕಾಣತೈತಿ" ಎಂದು ಹಾಲಿನ ಕೆನೆಯ ಬಣ್ಣದ್ದನ್ನು ತೋರಿಸಿದಳು. ಇರಲಿ ಎಂದೆ. ಎಷ್ಟು ಕೊಟ್ಟೆ ಎಂದು ಮಾತ್ರ ಕೇಳಬೇಡಿ, ಡಿಪೋದಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ.

ಕೆರೆಯುವ ದಿನ ಸೂಜಿ ಚುಚ್ಚಿ ತುಟಿಯನ್ನು ಮರಗಟ್ಟಿಸಿದರು. ನೋವಿಲ್ಲ, ಸದ್ದು ಮಾತ್ರ. ಹಿತ್ತಲಲ್ಲಿ ನಮ್ಮವರು ಕಟ್ಟಿಗೆಗೆ ಮಷಿನ್ ಹಿಡಿದಾಗಿನ ಸದ್ದೇ, ಈಗ ನನ್ನ ತಲೆಯೊಳಗೆ. ಸುಟ್ಟ ಉಗುರಿನಂಥ ವಾಸನೆ ಬಂತು. ಕಣ್ಣು ಮುಚ್ಚಿ ಮಲಗಿದವಳಿಗೆ ಯಾಕೋ ಊರ ಪಂಪು ನೆನಪಾಯಿತು. ಅಕ್ಕ ನಾನು ಇಬ್ಬರೂ ಜೋತುಬಿದ್ದು ಅದನ್ನು ಹೊಡೆಯುತ್ತಿದ್ದೆವು, ಒಬ್ಬರು ಹೊಡೆದರೆ ಒಬ್ಬರು ಬೊಗಸೆ ಒಡ್ಡಿ ಕುಡಿಯುತ್ತಿದ್ದೆವು. ಆಗ ನಾವು ಕುಡಿದ ನೀರನ್ನು ಇವಳು ಈಗ ಕೆರೆದು ತೆಗೆಯುತ್ತಿದ್ದಾಳೆ ಎನಿಸಿತು. ಕಣ್ಣಿನಿಂದ ನೀರು ಇಳಿಯಿತು. ನೋಯುತ್ತಿದೆಯೇನೋ ಎಂದು ಡಾಕ್ಟರು ಕೈ ತಡೆದಳು. ನಾನು ಇಲ್ಲವೆಂದು ತಲೆಯಾಡಿಸಿದೆ.

ಕೆಲವು ದಿನ ತಾತ್ಕಾಲಿಕ ಹಲ್ಲು ಹಾಕಿ ಕಳಿಸಿದರು, ಆಮೇಲೆ ಚಿಪ್ಪುಗಳು ಬಂದವು, ಕೂಡಿಸಿದರು. ಕನ್ನಡಿ ಕೈಗೆ ಕೊಟ್ಟಾಗ ನೋಡಿಕೊಂಡೆ. ಚಂದವಿದ್ದವು. ಸುಳ್ಳು ಯಾಕೆ ಹೇಳಲಿ, ಬಹಳ ಚಂದವಿದ್ದವು. ತುಟಿಯನ್ನು ಬೆರಳಿನಿಂದ ಕೆಳಗೆಳೆದರೆ ಕೆಳಗಿನ ಸಾಲು ಹಳೆಯ ಬಣ್ಣದಲ್ಲಿ ಹಾಗೇ ಕೂತಿತ್ತು. ಮೇಲೆ ಸಿಂದಗಿ, ಕೆಳಗೆ ತವರು.

ಹೊರಡುವ ಮುಂಚೆ ಡಾಕ್ಟರು ಪಥ್ಯ ಹೇಳಿದಳು. ಮುಂದಿನ ಹಲ್ಲಿನಿಂದ ಗಟ್ಟಿ ಪದಾರ್ಥ ಕಚ್ಚಬಾರದು. ಕಡಕ್ ರೊಟ್ಟಿ ಮುರಿದು ದವಡೆಗೆ ಇಡಬೇಕು. ಕಬ್ಬು ಸಿಗಿಯಲೇಬಾರದು. ಪೆನ್ನು, ಸೀಟಿ, ದಾರ, ಏನನ್ನೂ ಹಲ್ಲಿನಲ್ಲಿ ಹಿಡಿಯಬಾರದು.

"ನೋಟು?"

"ನೋಟು ಹಿಡದ್ರ ಹಲ್ಲಿಗಿ ಏನೂ ಆಗೂದಿಲ್ಲ, ನಿಮಗ ಹೊಟ್ಟಿ ಕೆಡತೈತಿ. ಅದನ್ನೂ ಬಿಡ್ರಿ."

ಹೀಗೆ ನನ್ನ ಮೂರನೆಯ ಕೈ ಹೋಯಿತು. ಮರುದಿನದಿಂದ ಬಸ್ಸಿನಲ್ಲಿ ತಡಬಡ. ಮೊದಲ ವಾರ ನಾಲಿಗೆಗೆ ಹೊಸ ಹಲ್ಲಿನ ಗುರುತು ಸಿಗದೆ "ಸಿಂದಗಿ ಸಿಂದಗಿ" ಎಂದು ಕೂಗಿದರೆ ಸೀಟಿ ಊದಿದ ಹಾಗೆ ಬರುತ್ತಿತ್ತು. ನಮ್ಮ ಡ್ರೈವರ್ ನನಗಿಂತ ಹಿರಿಯರು, ಬಾಯಿ ತಡೆಯದವರು. "ಹಲ್ಲ ಇದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತಾರ. ನಿಮಗ ಎರಡೂ ಅದಾವ್ರಿ ಅಕ್ಕಾರ, ಆದ್ರ ತಿನ್ನಾಂಗಿಲ್ಲ" ಎಂದು ಶೇಂಗಾದ ಪೊಟ್ಟಣ ನನ್ನ ಮುಂದೆ ಹಿಡಿದು ಹಿಂದಕ್ಕೆ ಎಳೆದುಕೊಂಡರು.

ಇನ್ನೊಂದು ತಾಪತ್ರಯ ನಾನು ಎಣಿಸಿರಲಿಲ್ಲ. ನಕ್ಕರೆ ಮಂದಿ ಸಲಿಗೆ ತೆಗೆದುಕೊಳ್ಳುತ್ತಾರೆ. ಬಿಗುಮಾನದವಳಿಗೆ ಹೆದರಿ ಸುಮ್ಮನೆ ಕಾರ್ಡು ತೋರಿಸುತ್ತಿದ್ದವರು ಈಗ "ಮನ್ಯಾಗ ಮರತ ಬಂದೇನಿ, ನಡಿಲಿ ಬಿಡಬೇ" ಎನ್ನತೊಡಗಿದರು. ಮೊಮ್ಮಗನ ಜ್ವರ, ಸೊಸೆಯ ಜಗಳ, ಎಲ್ಲವನ್ನೂ ನನಗೇ ಹೇಳಬೇಕು. ನಗು ಬಂದರೆ ಸುಖ ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ಕೆಲಸ. ದಿನದ ಕೊನೆಗೆ ದವಡೆ ನೋಯುತ್ತಿತ್ತು. ಆದರೂ, ಸಂತೆಯ ದಿನ ಯಾವುದಾದರೂ ಕೂಸು ನನ್ನ ಕಡೆ ನೋಡಿದರೆ ನಾನು ಅದರ ಕಣ್ಣು ತಪ್ಪಿಸುತ್ತಿರಲಿಲ್ಲ. ಅಷ್ಟು ಮಾತ್ರ ನಿಜವಾದ ನೆಮ್ಮದಿ.

ಅಕ್ಕನಿಗೆ ನಾನು ಹಲ್ಲು ತೋರಿಸಿದ್ದು ಅವಳ ಮಗಳ ಕುಬಸದ ದಿನ. ಚೊಚ್ಚಲ ಬಸುರಿಗೆ ತವರಿನಲ್ಲಿ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಮಾಡುವ ಸಡಗರ. ಮನೆ ತುಂಬ ಹೆಂಗಸರು. ಅಕ್ಕ ರೊಟ್ಟಿ ಹೆಡಿಗೆ ಹೊತ್ತು ಎದುರಾದಳು. ನಾನು ಬಾಯಿ ಬಿಟ್ಟು ತೋರಿಸಿದೆ. ಒಂದು ಗಳಿಗೆ ನೋಡಿದಳು. "ಚಂದ ಆಗ್ಯಾವ. ಬ್ಯಾರೇದಾಕಿ ಕಂಡಂಗ ಕಾಣ್ತಿ" ಎಂದು ಹೆಡಿಗೆ ಇಳಿಸಲು ಹೋದಳು. ಆ ಮಾತು ಹೊಗಳಿಕೆಯೋ ಅಲ್ಲವೋ ಎಂದು ನನಗೆ ತಿಳಿಯಲಿಲ್ಲ. ಊಟದಲ್ಲಿ ಎಲ್ಲರೂ ಕಟಂ ಕುಟುಂ ಎಂದು ಕಡಕ್ ರೊಟ್ಟಿ ಕಡಿಯುವಾಗ ನಾನು ಮುರಿದು ಮುರಿದು ದವಡೆಗೆ ಸೇರಿಸಿದೆ.

ಊಟವಾದ ಮೇಲೆ ಒಡಪಿನ ಗದ್ದಲ ಶುರುವಾಯಿತು. ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳಬೇಕು, ಹೇಳದವರನ್ನು ಬಿಡುವುದಿಲ್ಲ. ಬಸುರಿ ಹೇಳಿದಳು, ಅವಳ ಅತ್ತೆ ಹೇಳಿದಳು, ಕೊನೆಗೆ ಎಲ್ಲರೂ ಅಕ್ಕನ ಬೆನ್ನು ಹತ್ತಿದರು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ಭಾವನ ಹೆಸರು ಸೇರಿಸಿ ದೊಡ್ಡ ದನಿಯಲ್ಲಿ ಹೇಳಿದಳು:

"ಕಬ್ಬಿನ ಹೊಲಕ್ಕ ಹಂದಿ ಕಾಟ,
ನಮ್ಮ ರಾಯರ ಗೊರಕೀಗಿ ಊರೆಲ್ಲ ಓಟ!"

'ನಮ್ಮ ರಾಯರ' ಎಂದು ನಾನು ಬರೆದಲ್ಲಿ ಭಾವನ ಹೆಸರಿತ್ತು. ಅವರು ಪಡಸಾಲೆಯಲ್ಲೇ ಕೂತಿದ್ದರು. ಮನೆಯೇ ಬಿದ್ದುಹೋಗುವ ಹಾಗೆ ನಗು. ಅಕ್ಕ ನನ್ನ ಪಕ್ಕಕ್ಕೆ ಕುಸಿದು ಕೂತು, ತಲೆ ಹಿಂದಕ್ಕೆ ಎತ್ತಿ, ಇಡೀ ಬಾಯಿ ತೆರೆದು ನಗುತ್ತಿದ್ದಳು. ಯಾರೋ ಹುಡುಗಿಯರು ನಮ್ಮಿಬ್ಬರ ಕಡೆ ಮೊಬೈಲು ಎತ್ತಿ ಹಿಡಿದರು. ನನ್ನ ಕೈ ತಾನಾಗಿ ಎದ್ದು ಹೋಗಿ ಅಕ್ಕನ ಬಾಯಿ ಮುಚ್ಚಿತು.

ಅಕ್ಕನ ನಗು ನಿಂತಿತು. ನನ್ನ ಕೈಯನ್ನು ಹಿಡಿದು ಕಿತ್ತು ಹಾಕಿದಳು.

"ತಗಿ ಕೈ. ಈಗ ನನ್ನ ಹಲ್ಲಿನ ನಾಚಿಕಿ ಬಂತೇನ ನಿನಗ?"

ಜೋರಾಗಿ ಏನೂ ಅನ್ನಲಿಲ್ಲ. ನನಗೆ ಮಾತ್ರ ಕೇಳಿಸುವಷ್ಟು. ನಾನು "ಅಕ್ಕ, ಹಂಗಲ್ಲ..." ಎನ್ನುವಷ್ಟರಲ್ಲಿ ಅವಳು ಎದ್ದು ಒಲೆಯ ಕಡೆ ಹೋಗಿದ್ದಳು. ಹೊರಡುವಾಗ ಉಡಿ ತುಂಬಿದಳು, ಕುಂಕುಮ ಹಚ್ಚಿದಳು, ಮುಖ ನೋಡಲಿಲ್ಲ.

ತಿರುಗಿ ಬರುವಾಗ ದಾರಿಯುದ್ದಕ್ಕೂ ಆ ಒಂದೇ ಮಾತು. ಅದು ರೂಢಿಯಾಗಿತ್ತು, ಸಣ್ಣಂದಿನ ರೂಢಿ. ನನ್ನ ಕೈಗೆ ನನ್ನ ಹಲ್ಲು ಬದಲಾದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಇದು ಒಂದು ಉತ್ತರ. ಮೊಬೈಲು ಎತ್ತಿದ ಮೇಲೆಯೇ ಕೈ ಯಾಕೆ ಎದ್ದಿತು ಎಂಬುದಕ್ಕೆ ಆ ಉತ್ತರ ಸಾಲುವುದಿಲ್ಲ ಎಂದು ನನಗೂ ಗೊತ್ತು. ಅದೇ ಕೈ, ಅದೇ ಬಾಯಿ. ಹಿಂದೆ ಇಬ್ಬರದೂ ಒಂದೇ ಹಲ್ಲಿದ್ದಾಗ ಅದು ಆಸರೆಯಾಗಿತ್ತು. ಈಗ ಅದು ಏನಾಗಿದೆ ಎಂಬುದನ್ನು ಅವಳು ಸರಿಯಾಗಿಯೇ ಹೇಳಿದ್ದಳು.

ಅಕ್ಕ ಫೋನ್ ಮಾಡುವುದನ್ನು ಬಿಟ್ಟಳು. ನಾನು ಮಾಡಿದರೆ "ಹೂಂ, ಆರಾಮ ಅದೇವಿ, ಸ್ವಲ್ಪ ಕೆಲಸ ಐತಿ" ಎಂದು ಇಟ್ಟುಬಿಡುತ್ತಿದ್ದಳು. ಮಗಳು ಹೆತ್ತ ಸುದ್ದಿಯನ್ನು ನನಗೆ ಭಾವನಿಂದ ಹೇಳಿಸಿದಳು. ಬಸ್ಸಿನಲ್ಲಿ ನಾನು ನಗುತ್ತಿದ್ದೆ. ಮನೆಯಲ್ಲಿ ನಮ್ಮವರು ಒಮ್ಮೆ ಕೇಳಿದರು, "ವಿನೀರ್ ಏನ ಏಳಾಕತ್ತೈತೇನ? ಮಕ ಯಾಕ ಹಂಗ ಐತಿ?" ದಣಿವು ಎಂದೆ. ದಣಿವು ಎಂದರೆ ಮೈಯ ದಣಿವಲ್ಲ. ದಿನವಿಡೀ ನಕ್ಕು ಬಂದ ಮೇಲೆ ನಗಲು ಯಾರೂ ಇಲ್ಲದಿರುವುದು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಆ ಹಬ್ಬಕ್ಕೆ ಹೊಲದಲ್ಲಿ ಉಂಡ ಮೇಲೆ, ಬುತ್ತಿಯನ್ನೂ ಕಬ್ಬನ್ನೂ ಕಟ್ಟಿಕೊಂಡು ನನ್ನ ಬಸ್ಸಿಗೆ ಬಾಗೇವಾಡಿಯಲ್ಲಿ ಹತ್ತಿ ಇಂಡಿಗೆ ಬಂದು ಒಂದು ರಾತ್ರಿ ಉಳಿಯುವುದು ಅಕ್ಕನ ಪದ್ಧತಿ. ಈ ಸಲ ಬರುವುದಿಲ್ಲ ಎಂದುಕೊಂಡಿದ್ದೆ. ಬಾಗೇವಾಡಿ ನಿಲ್ದಾಣದಲ್ಲಿ ಬಸ್ಸು ನಿಂತಾಗ ಮೊದಲು ಕಂಡದ್ದು ಕಬ್ಬಿನ ಕಟ್ಟು, ಅದರ ಹಿಂದೆ ಅವಳು. ಹತ್ತಿ, ಕಬ್ಬನ್ನು ಸೀಟಿನ ಕೆಳಗೆ ತಳ್ಳಿ ಕಿಟಕಿಗೆ ಕೂತಳು. ನಾನು ಹತ್ತಿರ ಹೋದಾಗ ಆಧಾರ್ ಕಾರ್ಡು ತೆಗೆದು ಮುಂದೆ ಹಿಡಿದಳು. ಒಡಹುಟ್ಟಿದವಳಿಗೆ ಕಾರ್ಡು ತೋರಿಸಿದಳು. ನಾನೂ ಮಾತಿಲ್ಲದೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟೆ.

ದೇವರ ಹಿಪ್ಪರಗಿ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಗಾಲಿ ಪಂಕ್ಚರ್ ಆಯಿತು. ಎರಡೂ ಬದಿಗೆ ಹಿಂಗಾರಿ ಜೋಳ, ತೆನೆ ಹಿಡಿಯುವ ಹೊತ್ತು. ಸಿಕ್ಕ ಗಾಡಿ ಹತ್ತಿ ಕೆಲವರು 'ಸರಕಾರದ ಬಸ್ಸಂದ್ರ ಹಿಂಗ' ಎಂದು ಬೈಯುತ್ತಾ ಹೋದರು, ಉಳಿದವರು ರಸ್ತೆಯ ಬದಿಗೆ ಚೆದುರಿದರು. ಡ್ರೈವರ್ ಜಾಕು ಹಿಡಿದು ಕೆಳಗೆ ಹೋದರು. ಅಕ್ಕ ಒಂದು ಬೇವಿನ ಗಿಡದ ಬುಡದಲ್ಲಿ ಕಬ್ಬಿನ ಕಟ್ಟು ಬಿಚ್ಚಿ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಸುಳ್ಳೋ ನಿಜವೋ, ಏನಾದರೂ ಒಂದು ಹೇಳಿ ಮುಗಿಸಬೇಕೆನಿಸಿತು.

"ಅಕ್ಕ, ಅವತ್ತ ನನ್ನ ಕೈ ಯಾಕ ಹಂಗ ಮಾಡ್ತೋ ನನಗ ಗೊತ್ತಿಲ್ಲ. ರೂಢಿನೋ, ನಾಚಿಕಿನೋ. ಎರಡೂ ಇರಬೇಕು. ನೀ ಇಲ್ಲದ ನನಗ ನಗಾಕ ಆಗವಲ್ದು."

ಅವಳು ಕಬ್ಬಿನ ಗಣಿಕೆಯನ್ನು ಮೊಣಕಾಲಿಗೆ ಬಡಿದು ಮುರಿದು ಒಂದು ತುಂಡು ನನ್ನ ತೊಡೆಯ ಮೇಲೆ ಹಾಕಿದಳು. ಯಾವ ಧ್ಯಾನದಲ್ಲಿದ್ದೆನೋ, ನಾನು ಅದನ್ನೆತ್ತಿ ನೇರ ಮುಂದಿನ ಹಲ್ಲಿಗೆ ಇಟ್ಟೆ.

"ಏ! ಹಲ್ಲು!" ಎಂದು ಚೀರಿ, ಕಬ್ಬನ್ನು ನನ್ನ ಬಾಯಿಂದ ಕಿತ್ತುಕೊಂಡಳು. "ಮುರದಾವೇನ? ಬಾಯಿ ತಗಿ. ತಗಿ ಅಂದ್ರ ತಗಿ!"

ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ, ದನದ ವ್ಯಾಪಾರಿಯ ಹಾಗೆ ತುಟಿ ಎತ್ತಿ ಮೇಲಿನ ಸಾಲು ನೋಡಿದಳು. ಏನೂ ಆಗಿರಲಿಲ್ಲ. ಆಮೇಲೆ ಕೆಳಗಿನ ತುಟಿ ಎಳೆದಳು. ಅವಳ ಮುಖ ಬದಲಾಯಿತು.

"ಏನಬೇ, ಕೆಳಗಿನವು ಹಂಗ ಅದಾವಲ್ಲ!"

ಬಾಯಿಯಲ್ಲಿ ಅವಳ ಬೆರಳಿತ್ತು, ಹೂಂ ಎಂದೆ.

"ಮೊದಲ ಹೇಳಬಾರದೇನ? ನಾ ಎಲ್ಲಾ ಹೋದ್ವು ಅಂತ ತಿಳದಿದ್ದೆ" ಎಂದು ಬೆರಳನ್ನು ನನ್ನ ಸಮವಸ್ತ್ರಕ್ಕೇ ಒರೆಸಿದಳು.

ಆಮೇಲೆ ನನ್ನ ಕಬ್ಬನ್ನು ತನ್ನ ಹಲ್ಲಿಗೆ ಸಿಕ್ಕಿಸಿ, ಕುತ್ತಿಗೆ ವಾರೆ ಮಾಡಿ ಸರ್ರನೆ ಸಿಪ್ಪೆ ಸಿಗಿದಳು. ಸಣ್ಣವಳಿದ್ದಾಗ, ನನ್ನ ಹಾಲುಹಲ್ಲು ಬಿದ್ದ ವರ್ಷ, ಅವಳು ನನಗೆ ಹೀಗೇ ಸಿಗಿದು ಕೊಡುತ್ತಿದ್ದಳು. ಕಂದು ಹಲ್ಲಿನ ಅಂಚಿಗೆ ಕಬ್ಬಿನ ಬಿಳಿ ನಾರು ಹತ್ತಿತ್ತು. ಒಳಗಿನ ತಿರುಳನ್ನು ಸಣ್ಣ ಸಣ್ಣ ತುಂಡು ಮಾಡಿ ನನ್ನ ಬೊಗಸೆಗೆ ಸುರಿದಳು.

"ಆನಿಗಿ ತೋರೂ ಹಲ್ಲ ಬ್ಯಾರೆ, ತಿನ್ನೂ ಹಲ್ಲ ಬ್ಯಾರೆ. ನೀ ತೋರಸಾಕಿ, ನಾ ತಿನಸಾಕಿ. ದವಡ್ಯಾಗ ಇಟ್ಟು ಅಗಿ, ಮುಂದಿನವಕ್ಕ ಹತ್ತಿಸಬ್ಯಾಡ."

ಮೊದಲು ನಕ್ಕವಳು ಯಾರೋ ತಿಳಿಯದು. ಡ್ರೈವರ್ ಬಸ್ಸಿನ ಕೆಳಗಿನಿಂದ ತಲೆ ಹೊರಹಾಕಿ ನೋಡಿದರು. ರಸ್ತೆಯಲ್ಲಿ ನಿಂತವರೂ ತಿರುಗಿ ನೋಡಿದರು. ನನ್ನ ಬೊಗಸೆಯ ತುಂಬ ಕಬ್ಬಿತ್ತು, ಅವಳ ಎರಡೂ ಕೈಗೆ ರಸ ಅಂಟಿತ್ತು. ಬಾಯಿ ಮುಚ್ಚಲು ನಮ್ಮಿಬ್ಬರ ನಡುವೆ ಒಂದು ಕೈಯೂ ಖಾಲಿ ಇರಲಿಲ್ಲ.